ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್: ಈ ಅಭಿಮಾನಿ ಬಳಗ ಎಂದಿನಿಂದ ಇದೆ?

ಹಾರ್ಟ್‌ಫರ್ಡ್ ಕನ್ನಡತಿ:

2024ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ನಡೆದ, ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿಯ ಮಹಿಳೆಯರ ಫೈನಲ್‌ನಲ್ಲಿ ಸೌತ್ ಕೆರೊಲಿನಾ ತಂಡವು ಅಯೋವಾ ತಂಡವನ್ನು 87-75ರಿಂದ ಸೋಲಿಸಿತು. ಆ ಪಂದ್ಯವನ್ನು ಟಿವಿಯಲ್ಲಿ ನೋಡಿದವರ ಸರಾಸರಿ ಸಂಖ್ಯೆ ಸುಮಾರು 1.89 ಕೋಟಿ; ಮರುದಿನದ ಪುರುಷರ ಫೈನಲ್ ನೋಡಿದವರು ಸುಮಾರು 1.48 ಕೋಟಿ. ಅಂದಿನಿಂದ ಪತ್ರಿಕೆಗಳಲ್ಲಿಯೂ ನಮ್ಮ ಪರಿಚಿತರ ನಡುವೆಯೂ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಅಯೋವಾದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಬರುವವರೆಗೆ ಈ ಆಟಕ್ಕೆ ನೋಡುಗರೇ ಇರಲಿಲ್ಲ, ಅವರೊಬ್ಬರೇ ಇಷ್ಟು ಜನರನ್ನು ಕರೆತಂದರು ಎಂಬ ಮಾತು ಅದು. ಕನೆಕ್ಟಿಕಟ್‌ನಲ್ಲಿ ಬಹಳ ಕಾಲದಿಂದ ನೆಲೆಸಿರುವ ನನಗೆ ಇದನ್ನು ಒಪ್ಪಲು ಸಾಧ್ಯವಾಗುತ್ತಿಲ್ಲ.

ನಮ್ಮ ರಾಜ್ಯದಲ್ಲಿ ಈ ಅಭಿಮಾನ ಹೇಗೆ ಬೇರೂರಿತು ಎಂಬುದನ್ನು ಮೊದಲು ಹೇಳುತ್ತೇನೆ. ಜೀನೊ ಆರಿಯೆಮಾ 1985ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ, ಅಂದರೆ ಎಲ್ಲರೂ ಯುಕಾನ್ ಎಂದು ಕರೆಯುವ ತಂಡದ ಕೋಚ್ ಆಗಿ ಬಂದಾಗ, ಹುಡುಗಿಯರು ಅಭ್ಯಾಸ ಮಾಡುತ್ತಿದ್ದ ಹಳೆಯ ಕಟ್ಟಡದ ಛಾವಣಿ ಸೋರುತ್ತಿತ್ತು. ಒಳಗಿನ ಜಾಗವನ್ನು ಓಟಗಾರರ ತಂಡದೊಂದಿಗೆ ಹಂಚಿಕೊಳ್ಳಬೇಕಾಗಿತ್ತು. ಮೊದಲ ವರ್ಷ 12 ಪಂದ್ಯ ಗೆದ್ದು 15 ಸೋತರು. 1990ರಲ್ಲಿ ಗ್ಯಾಂಪೆಲ್ ಪೆವಿಲಿಯನ್ ಎಂಬ ಹೊಸ ಒಳಾಂಗಣ ತೆರೆಯಿತು, ಮರುವರ್ಷವೇ ತಂಡ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಅಲ್ಲಿಂದ ಮುಂದೆ ಜನರನ್ನು ಕಟ್ಟಿ ಹಾಕಿದ್ದು ಸಾರ್ವಜನಿಕ ಟಿವಿ. ಜನರ ದೇಣಿಗೆಯಿಂದ ನಡೆಯುವ ನಮ್ಮ ರಾಜ್ಯದ ವಾಹಿನಿಯು 1990ರ ದಶಕದ ಮಧ್ಯದಿಂದ 2012ರವರೆಗೆ ಈ ತಂಡದ ಪಂದ್ಯಗಳನ್ನು ರಾಜ್ಯದ ಮನೆಮನೆಗೆ ತೋರಿಸಿತು. ಟಿಕೆಟ್ ಕೊಳ್ಳಲಾಗದ, ಚಳಿಗಾಲದ ರಾತ್ರಿಯಲ್ಲಿ ಹಿಮದ ಮೇಲೆ ಕಾರು ಓಡಿಸಲಾಗದ ಹಿರಿಯರು ಪ್ರತಿ ಆಟಗಾರ್ತಿಯ ಊರು, ಗಾಯ, ಓದಿನ ವಿಷಯವನ್ನೆಲ್ಲ ತಿಳಿದುಕೊಂಡದ್ದು ಹೀಗೆ. ಬಿಡುವಿಲ್ಲದೆ ಈ ತಂಡದ ಹಿಂದೆಯೇ ಓಡಾಡುತ್ತಿದ್ದ ವರದಿಗಾರರ ಗುಂಪು ಎಷ್ಟು ದೊಡ್ಡದಾಗಿತ್ತೆಂದರೆ ಅದಕ್ಕೆ 'ಹೋರ್ಡ್', ಅಂದರೆ ದಂಡು, ಎಂಬ ಹೆಸರೇ ಬಿದ್ದಿತ್ತು. ರಾಜ್ಯದ ಏಕೈಕ ದೊಡ್ಡ ವೃತ್ತಿಪರ ತಂಡವಾಗಿದ್ದ ಐಸ್ ಹಾಕಿಯ ವೇಲರ್ಸ್ 1997ರಲ್ಲಿ ಇಲ್ಲಿಂದ ಎದ್ದು ನಾರ್ತ್ ಕೆರೊಲಿನಾಕ್ಕೆ ಹೋದ ಮೇಲೆ, ಇಡೀ ರಾಜ್ಯಕ್ಕೆ ತನ್ನದು ಎಂದು ಹೇಳಿಕೊಳ್ಳಲು ಉಳಿದದ್ದು ಯುಕಾನ್ ತಂಡಗಳು ಮಾತ್ರ.

ಬೇರೆ ರಾಜ್ಯಗಳಲ್ಲಿರುವವರು ತಮ್ಮ ತಮ್ಮ ಊರಿನ ಕಥೆಯನ್ನು ಬರೆಯಬೇಕೆಂದು ಕೋರುತ್ತೇನೆ.

ಅಯೋವಾ ನಿವಾಸಿ:

ಕನ್ನಡತಿಯವರೇ, ತಾವು ಬರೆದದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಕ್ಲಾರ್ಕ್ ಅವರ ಕಾಲದಲ್ಲಿ ಇಲ್ಲಿ ಆದದ್ದು ಹಿಂದೆಂದೂ ಆಗಿರಲಿಲ್ಲ. 2023ರ ಅಕ್ಟೋಬರ್ 15ರಂದು ಕಿನಿಕ್ ಫುಟ್‌ಬಾಲ್ ಮೈದಾನದ ನಡುವೆ ಬ್ಯಾಸ್ಕೆಟ್‌ಬಾಲ್ ಅಂಕಣ ಹಾಸಿ ಡಿಪಾಲ್ ತಂಡದೊಂದಿಗೆ ಆಡಿದ ಪ್ರದರ್ಶನ ಪಂದ್ಯಕ್ಕೆ 55,646 ಜನ ಬಂದಿದ್ದರು. ಗಾಳಿ, ಚಳಿ, ಬಯಲು. ಆದರೂ ಜನ ಕೂತರು. ಆ ವರ್ಷದ ಸೀಸನ್ ಟಿಕೆಟ್‌ಗಳು ಆಟ ಆರಂಭವಾಗುವುದಕ್ಕೆ ತಿಂಗಳುಗಳ ಮೊದಲೇ ಖಾಲಿಯಾಗಿದ್ದವು. ಇದನ್ನು ಒಬ್ಬ ಆಟಗಾರ್ತಿಯ ಪ್ರಭಾವ ಎಂದು ಕರೆಯದೆ ಬೇರೇನೆಂದು ಕರೆಯುವುದು?

ಆದರೆ ಆ ಆಟಗಾರ್ತಿ ಬಂದದ್ದು ಬರಡು ನೆಲಕ್ಕಲ್ಲ ಎಂಬುದನ್ನೂ ಹೇಳಬೇಕು. ಅಯೋವಾದಲ್ಲಿ ಪ್ರೌಢಶಾಲೆಯ ಹುಡುಗಿಯರ ರಾಜ್ಯ ಮಟ್ಟದ ಪಂದ್ಯಾವಳಿ 1920ರಿಂದಲೂ ನಡೆಯುತ್ತಿದೆ. ಬಹುಕಾಲ ಅದು ಆರು ಆಟಗಾರ್ತಿಯರ ಆಟವಾಗಿತ್ತು. ತಂಡದ ಮೂವರು ಅಂಕಣದ ಒಂದು ಅರ್ಧದಲ್ಲಿ ಅಂಕ ಗಳಿಸಬೇಕು, ಇನ್ನು ಮೂವರು ಮತ್ತೊಂದು ಅರ್ಧದಲ್ಲಿ ತಡೆಯಬೇಕು. ನಡುಗೆರೆ ದಾಟುವಂತಿಲ್ಲ, ಚೆಂಡನ್ನು ಎರಡಕ್ಕಿಂತ ಹೆಚ್ಚು ಸಲ ಪುಟಿಸುವಂತಿಲ್ಲ. ಹೆಣ್ಣುಮಕ್ಕಳ ದೇಹಕ್ಕೆ ಪೂರ್ತಿ ಅಂಕಣದ ಓಟ ತಡೆಯದು ಎಂಬ ಹಳೆಯ ನಂಬಿಕೆಯಿಂದ ಹುಟ್ಟಿದ ನಿಯಮಗಳಿವು. ನಂಬಿಕೆ ತಪ್ಪಾಗಿತ್ತು, ಆದರೆ ಆಟವನ್ನು ಅಯೋವಾದ ಹಳ್ಳಿಗಳು ಮನಸಾರೆ ಪ್ರೀತಿಸಿದವು. 1968ರ ಫೈನಲ್‌ನಲ್ಲಿ ಯೂನಿಯನ್-ವಿಟನ್ ಶಾಲೆಯ ಡೆನಿಸ್ ಲಾಂಗ್ 64 ಅಂಕ ಗಳಿಸಿದರು. ಎದುರಾಳಿ ಎವರ್ಲಿ ಶಾಲೆಯ ಜೆನೆಟ್ ಓಲ್ಸನ್ 76 ಗಳಿಸಿದರು. ಹೆಚ್ಚುವರಿ ಅವಧಿಯಲ್ಲಿ ಲಾಂಗ್ ಅವರ ತಂಡ 113-107ರಿಂದ ಗೆದ್ದಿತು. ಡೆ ಮಾಯ್ನ್ ನಗರದ ಆ ಸಭಾಂಗಣದಲ್ಲಿ ಸುಮಾರು 15,000 ಜನ ಹಿಡಿಯುತ್ತಿದ್ದರು. ಪಂದ್ಯಾವಳಿಯ ವಾರದಲ್ಲಿ ಸಣ್ಣ ಊರುಗಳು ಅಂಗಡಿ ಮುಚ್ಚಿಕೊಂಡು ರಾಜಧಾನಿಗೆ ಹೊರಡುತ್ತಿದ್ದವು. ಆರು ಜನರ ಆಟ ಕೊನೆಗೊಂಡದ್ದು 1993ರಲ್ಲಿ. ಇಂದು ವಿಶ್ವವಿದ್ಯಾಲಯವಿರುವ ಅಯೋವಾ ಸಿಟಿಯ ಗ್ಯಾಲರಿಯಲ್ಲಿ ಕೂರುವ ಬೆಳ್ಳಿಗೂದಲಿನ ಎಷ್ಟೋ ಹೆಂಗಸರು ಆ ಆಟವನ್ನು ಆಡಿ ಬೆಳೆದವರು. ಹುಡುಗಿಯರ ಆಟ ನೋಡಲು ಟಿಕೆಟ್ ಕೊಳ್ಳುವುದು ಅವರಿಗೆ ಹೊಸ ಅಭ್ಯಾಸವೇನಲ್ಲ.

ಕಾಲೇಜಿನ ಮಟ್ಟದಲ್ಲಿಯೂ ಹೀಗೆಯೇ. ಅಯೋವಾ ವಿಶ್ವವಿದ್ಯಾಲಯದ ಮಹಿಳಾ ಕ್ರೀಡಾ ವಿಭಾಗವನ್ನು ಕಟ್ಟಿದ ಕ್ರಿಸ್ಟೀನ್ ಗ್ರಾಂಟ್ ಅವರು 1983ರಲ್ಲಿ ವಿವಿಯನ್ ಸ್ಟ್ರಿಂಗರ್ ಅವರನ್ನು ಕೋಚ್ ಆಗಿ ಕರೆತಂದರು. 1985ರ ಫೆಬ್ರವರಿ 3ರಂದು ಓಹಾಯೋ ಸ್ಟೇಟ್ ತಂಡದ ವಿರುದ್ಧದ ಪಂದ್ಯಕ್ಕೆ ಕಾರ್ವರ್-ಹಾಕೈ ಒಳಾಂಗಣಕ್ಕೆ 22,157 ಜನ ಬಂದರು. ಅಲ್ಲಿದ್ದ ಆಸನಗಳು ಹದಿನೈದು ಸಾವಿರದ ಆಸುಪಾಸು. ಉಳಿದವರು ಮೆಟ್ಟಿಲ ಮೇಲೆ, ಓಡಾಡುವ ದಾರಿಯಲ್ಲಿ ಕೂತರು. ಅಗ್ನಿಶಾಮಕ ಅಧಿಕಾರಿಗಳು ಆಮೇಲೆ ಆಕ್ಷೇಪವೆತ್ತಿದರು. ಕ್ಲಾರ್ಕ್ ಹುಟ್ಟಿದ್ದು 2002ರಲ್ಲಿ.

ಮೂರನೇ ಸಾಲು:

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಒಂದು ಸಂದೇಹವಿದೆ. ಇಷ್ಟೊಂದು ಅಭಿಮಾನಿಗಳು 1980ರ ದಶಕದಲ್ಲಿಯೇ ಇದ್ದರೆ, ನಡುವಿನ ಮೂವತ್ತು ನಲವತ್ತು ವರ್ಷ ಅವರೆಲ್ಲ ಎಲ್ಲಿದ್ದರು? ಟಿವಿ ನೋಡುಗರ ಸಂಖ್ಯೆ ಏಕೆ ಅಷ್ಟು ಕಡಿಮೆಯಿತ್ತು?

ಹಳೆಯ ಅಂಕಪಟ್ಟಿ:

ಮೂರನೇ ಸಾಲಿನವರು ಕೇಳಿದ್ದು ಈ ಚರ್ಚೆಯ ಮೂಲಕ್ಕೇ ಹೋಗುವ ಪ್ರಶ್ನೆ. ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಈ ಆಟ ಹುಡುಗಿಯರ ಕೈಗೆ ಬಂದದ್ದು ಹುಟ್ಟಿದ ಕೆಲವೇ ತಿಂಗಳಲ್ಲಿ. ಜೇಮ್ಸ್ ನೈಸ್ಮಿತ್ 1891ರ ಕೊನೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಟವನ್ನು ರೂಪಿಸಿದರೆ, ಪಕ್ಕದ ನಾರ್ಥ್‌ಹ್ಯಾಂಪ್ಟನ್‌ನ ಸ್ಮಿತ್ ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದ ಸೆಂಡಾ ಬೆರೆನ್ಸನ್ ಮರುವರ್ಷವೇ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1896ರಲ್ಲಿ ಸ್ಟ್ಯಾನ್‌ಫರ್ಡ್ ಹುಡುಗಿಯರು ಬರ್ಕ್ಲಿಯವರನ್ನು 2-1ರಿಂದ ಸೋಲಿಸಿದ ಪಂದ್ಯವೇ ಎರಡು ಕಾಲೇಜುಗಳ ನಡುವಿನ ಮೊದಲ ಮಹಿಳಾ ಪಂದ್ಯ. ಅದನ್ನು ನೋಡಲು ನೂರಾರು ಹೆಂಗಸರು ಸೇರಿದ್ದರು, ಗಂಡಸರಿಗೆ ಪ್ರವೇಶವಿರಲಿಲ್ಲ. ಅಂದರೆ ಈ ಆಟದ ಮೊತ್ತಮೊದಲ ಅಭಿಮಾನಿಗಳೆಲ್ಲರೂ ಮಹಿಳೆಯರೇ.

ಅಲ್ಲಿಂದ ನೇರವಾಗಿ 1970ರ ದಶಕಕ್ಕೆ ಬರೋಣ. ಮಹಿಳೆಯರ ಕಾಲೇಜು ಕ್ರೀಡೆಗಳನ್ನು ಆಗ ನಡೆಸುತ್ತಿದ್ದುದು ಮಹಿಳೆಯರೇ ಕಟ್ಟಿದ್ದ ಎಐಎಡಬ್ಲ್ಯು ಎಂಬ ಸಂಘ. ಅದರ ಮೊದಲ ಮೂರು ರಾಷ್ಟ್ರೀಯ ಪ್ರಶಸ್ತಿಗಳನ್ನು, ಅಂದರೆ 1972, 1973 ಮತ್ತು 1974ರವನ್ನು, ಗೆದ್ದದ್ದು ಫಿಲಡೆಲ್ಫಿಯಾ ಬಳಿಯ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕ್ಯಾಥೊಲಿಕ್ ಕಾಲೇಜು. 1972ರಲ್ಲಿ ಪಂದ್ಯಾವಳಿ ನಡೆಯಲಿದ್ದ ಇಲಿನಾಯ್ಸ್‌ಗೆ ಹೋಗಲು ಅವರ ಬಳಿ ಹಣವಿರಲಿಲ್ಲ. ಹಲ್ಲುಜ್ಜುವ ಬ್ರಷ್‌ಗಳನ್ನು ಮಾರಿ ಹಣ ಕೂಡಿಸಿದರು, ಅದೂ ಸಾಲದೆ ತಂಡದಲ್ಲಿ ಎಂಟು ಜನ ಮಾತ್ರ ವಿಮಾನ ಹತ್ತಿದರು. ಅವರ ಅಭಿಮಾನಿಗಳ ಬಗ್ಗೆ ನನಗೆ ವಿಶೇಷ ಗೌರವವಿದೆ. ಕಾಲೇಜು ನಡೆಸುತ್ತಿದ್ದ ಸನ್ಯಾಸಿನಿಯರು ತಮ್ಮ ಉದ್ದನೆಯ ನಿಲುವಂಗಿಯಲ್ಲಿಯೇ ಗ್ಯಾಲರಿಗೆ ಬಂದು, ತಗಡಿನ ಬಕೆಟ್‌ಗಳನ್ನು ಮರದ ಕೋಲಿನಿಂದ ಬಾರಿಸುತ್ತ ತಂಡವನ್ನು ಹುರಿದುಂಬಿಸುತ್ತಿದ್ದರು. ಬಕೆಟ್‌ಗಳನ್ನು ಒದಗಿಸಿದ್ದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ಆಟಗಾರ್ತಿಯೊಬ್ಬರ ತಂದೆ. ಮುಂದೆ 1975ರ ಫೆಬ್ರವರಿಯಲ್ಲಿ ಇದೇ ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕ್ವೀನ್ಸ್ ಕಾಲೇಜಿನ ವಿರುದ್ಧ ಆಡಿದಾಗ ಸುಮಾರು 12,000 ಜನ ನೋಡಿದರು. ಆ ಪ್ರಸಿದ್ಧ ಒಳಾಂಗಣದಲ್ಲಿ ನಡೆದ ಮೊದಲ ಮಹಿಳಾ ಕಾಲೇಜು ಪಂದ್ಯ ಅದು.

ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಟೈಟಲ್ ನೈನ್ ಕಾಯ್ದೆ 1972ರ ಜೂನ್‌ನಲ್ಲಿ ಬಂತು. ಪುರುಷರ ಕ್ರೀಡೆಗಳನ್ನು ನಡೆಸುತ್ತಿದ್ದ ಎನ್‌ಸಿಎಎ ಮೊದಲು ಅದು ಕ್ರೀಡೆಗೆ ಅನ್ವಯಿಸಬಾರದೆಂದು ವಾದಿಸಿತು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅದು ಫಲಿಸದಿದ್ದಾಗ ಮಹಿಳೆಯರ ಪಂದ್ಯಾವಳಿಗಳನ್ನು ತಾನೇ ನಡೆಸಲು ಮುಂದಾಯಿತು. 1982ರಲ್ಲಿ ಎರಡು ರಾಷ್ಟ್ರೀಯ ಪಂದ್ಯಾವಳಿಗಳು ಒಟ್ಟೊಟ್ಟಿಗೆ ನಡೆದವು. ಎನ್‌ಸಿಎಎ ಪ್ರಶಸ್ತಿಯನ್ನು ಲೂಯಿಸಿಯಾನಾ ಟೆಕ್ ಗೆದ್ದಿತು, ಎಐಎಡಬ್ಲ್ಯುವಿನ ಕೊನೆಯ ಪ್ರಶಸ್ತಿಯನ್ನು ರಟ್ಗರ್ಸ್ ಗೆದ್ದಿತು. ಪ್ರಯಾಣದ ಖರ್ಚು, ಟಿವಿ ಪ್ರಸಾರ ಎಲ್ಲವನ್ನೂ ನೀಡಬಲ್ಲ ಸಂಸ್ಥೆಯ ಎದುರು ಹಳೆಯ ಸಂಘ ಉಳಿಯಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. 1983ರಲ್ಲಿ ಶೆರಿಲ್ ಮಿಲ್ಲರ್ ಅವರಿದ್ದ ಯುಎಸ್‌ಸಿ, ಅಂದರೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವು ಲೂಯಿಸಿಯಾನಾ ಟೆಕ್ ಅನ್ನು 69-67ರಿಂದ ಸೋಲಿಸಿದ ಫೈನಲ್ ಅನ್ನು ಸಿಬಿಎಸ್ ವಾಹಿನಿಯಲ್ಲಿ ಸುಮಾರು 1.18 ಕೋಟಿ ಜನ ನೋಡಿದ್ದರು. ಅಷ್ಟು ಜನರನ್ನು ಉಳಿಸಿಕೊಳ್ಳುವ ಪ್ರಯತ್ನ ನಡೆಯಲಿಲ್ಲ. ಸಿಬಿಎಸ್ ಕಾಲದಲ್ಲಿ ಸೆಮಿಫೈನಲ್ ಶನಿವಾರ, ಫೈನಲ್ ಭಾನುವಾರ. ಆಟಗಾರ್ತಿಯರಿಗೆ ನಡುವೆ ಒಂದು ದಿನದ ವಿಶ್ರಾಂತಿಯೂ ಇರಲಿಲ್ಲ. 1996ರಿಂದ ಪಂದ್ಯಾವಳಿ ಇಎಸ್‌ಪಿಎನ್ ಕೇಬಲ್ ವಾಹಿನಿಗೆ ಹೋಯಿತು. ಹೆಚ್ಚು ಪಂದ್ಯಗಳು ಪ್ರಸಾರವಾದವು, ವಿಶ್ರಾಂತಿಯ ದಿನವೂ ಸಿಕ್ಕಿತು, ಇದು ನಿಜಕ್ಕೂ ಉಪಕಾರ. ಆದರೆ ಫೈನಲ್ ಮಾತ್ರ ಎಲ್ಲರ ಮನೆಗೂ ಉಚಿತವಾಗಿ ತಲುಪುವ ವಾಹಿನಿಯಿಂದ ದೂರವಾಯಿತು. ಅದು ಮರಳಿ ಅಂಥ ವಾಹಿನಿಯಲ್ಲಿ, ಅಂದರೆ ಎಬಿಸಿಯಲ್ಲಿ, ಬಂದದ್ದು 2023ರಲ್ಲಿ. ಆ ವರ್ಷವೇ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಮತ್ತು ಅಯೋವಾ ನಡುವಿನ ಫೈನಲ್ ಅನ್ನು 99 ಲಕ್ಷ ಜನ ನೋಡಿದರು. 2024ರಲ್ಲಿ ಪುರುಷರ ಫೈನಲ್ ಕೇಬಲ್ ವಾಹಿನಿಯಲ್ಲಿತ್ತು, ಮಹಿಳೆಯರದು ಎಬಿಸಿಯಲ್ಲಿತ್ತು ಎಂಬುದನ್ನೂ ಕನ್ನಡತಿಯವರು ಕೊಟ್ಟ ಅಂಕಿಗಳ ಜೊತೆ ಇಟ್ಟು ನೋಡಬೇಕು. ಕ್ಲಾರ್ಕ್ ಅವರ ಪಾತ್ರ ದೊಡ್ಡದು. ಬಾಗಿಲು ತೆರೆದಿತ್ತು ಎಂಬುದೂ ಅಷ್ಟೇ ದೊಡ್ಡದು.

ನಾಕ್ಸ್‌ವಿಲ್ ನಿವಾಸಿ:

ಅಂಕಪಟ್ಟಿಯವರ ಬರಹಕ್ಕೆ ಧನ್ಯವಾದಗಳು. ಟೆನೆಸ್ಸಿಯ ಹೆಸರಿಲ್ಲದೆ ಈ ಚರ್ಚೆ ಪೂರ್ಣವಾಗದು ಎಂದು ಬರೆಯುತ್ತಿದ್ದೇನೆ.

ಪ್ಯಾಟ್ ಸಮಿಟ್ 1974ರಲ್ಲಿ ಇಲ್ಲಿನ ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ಕೋಚ್ ಆದಾಗ ಅವರ ವಯಸ್ಸು 22. ತಿಂಗಳಿಗೆ 250 ಡಾಲರ್ ಸಂಬಳ. ತಂಡದ ವ್ಯಾನನ್ನು ತಾವೇ ಓಡಿಸುತ್ತಿದ್ದರು, ಆಟಗಾರ್ತಿಯರ ಸಮವಸ್ತ್ರವನ್ನು ತಾವೇ ಒಗೆಯುತ್ತಿದ್ದರು. 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ನಾನು ಹೇಳಬೇಕೆಂದಿರುವುದು ಗೆಲುವಿನ ವಿಷಯವಲ್ಲ. ಅವರು ತಮ್ಮ ಪ್ರೇಕ್ಷಕರನ್ನು ಒಬ್ಬೊಬ್ಬರಾಗಿ ಕೂಡಿಸಿದರು. ಚರ್ಚ್, ರೋಟರಿ ಕ್ಲಬ್, ಶಾಲೆ, ಎಲ್ಲಿ ಕರೆದರೂ ಹೋಗಿ ಮಾತನಾಡುತ್ತಿದ್ದರು. ಪೂರ್ವ ಟೆನೆಸ್ಸಿಯ ಬೆಟ್ಟದ ಊರುಗಳ ಕುಟುಂಬಗಳು ಅಜ್ಜಿ, ಮಗಳು, ಮೊಮ್ಮಗಳು ಎಂದು ಮೂರು ತಲೆಮಾರು ಒಂದೇ ಸಾಲಿನ ಟಿಕೆಟ್ ಇಟ್ಟುಕೊಂಡು ಬಂದದ್ದು ಹೀಗೆ. 1987ರ ಡಿಸೆಂಬರ್‌ನಲ್ಲಿ, ಥಾಂಪ್ಸನ್-ಬೋಲಿಂಗ್ ಒಳಾಂಗಣ ಹೊಸದಾಗಿ ತೆರೆದಾಗ, ಟೆಕ್ಸಾಸ್ ವಿರುದ್ಧದ ಪಂದ್ಯಕ್ಕೆ 24,000ಕ್ಕೂ ಹೆಚ್ಚು ಜನ ಬಂದಿದ್ದರು. ಟೆಕ್ಸಾಸ್ ತಂಡ ಅದರ ಹಿಂದಿನ ವರ್ಷ, 1986ರಲ್ಲಿ, ಜೋಡಿ ಕಾನ್‌ರಾಟ್ ಅವರ ಕೈಕೆಳಗೆ ಒಂದೂ ಸೋಲಿಲ್ಲದೆ 34 ಪಂದ್ಯ ಗೆದ್ದಿತ್ತು. ಆ ತಂಡದ ಊರಾದ ಆಸ್ಟಿನ್‌ನಲ್ಲಿಯೂ ಆಗ ದೊಡ್ಡ ಅಭಿಮಾನಿ ಬಳಗವಿತ್ತು.

ಅಭಿಮಾನಿಗಳ ಬಲ ಏನೆಂಬುದಕ್ಕೆ ನಮ್ಮೂರಿನ ಇನ್ನೊಂದು ನಿದರ್ಶನ ಕೊಡುತ್ತೇನೆ. ಇಲ್ಲಿನ ಮಹಿಳಾ ತಂಡಗಳಿಗೆಲ್ಲ 'ಲೇಡಿ ವಾಲ್ಸ್' ಎಂಬ ಹೆಸರಿತ್ತು. ಬ್ಯಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಉಳಿದ ಮಹಿಳಾ ತಂಡಗಳ ಈ ಹೆಸರನ್ನು ಕೈಬಿಡುವುದಾಗಿ ವಿಶ್ವವಿದ್ಯಾಲಯ 2014ರಲ್ಲಿ ಪ್ರಕಟಿಸಿತು, ಮರುವರ್ಷ ಜಾರಿಗೆ ತಂದಿತು. ಆ ಹೆಸರಿನಲ್ಲಿ ಆಡಿದ್ದ ಹಳೆಯ ಆಟಗಾರ್ತಿಯರೂ ಸೀಸನ್ ಟಿಕೆಟ್‌ದಾರರೂ ಸಹಿ ಸಂಗ್ರಹಿಸಿದರು, ಪತ್ರ ಬರೆದರು, ಶಾಸಕರ ಬಳಿಗೂ ಹೋದರು. ಬಿಡಲಿಲ್ಲ. 2017ರಲ್ಲಿ ಹೆಸರು ಮರಳಿ ಬಂತು. ಹೊರಗಿನವರಿಗೆ ಇದು ಸಣ್ಣ ಜಗಳವೆನ್ನಿಸಬಹುದು. ಆದರೆ ದಶಕಗಳ ಕಾಲ ತಾವು ಕಟ್ಟಿಕೊಂಡು ಬಂದದ್ದನ್ನು ತಮ್ಮನ್ನು ಕೇಳದೆ ಅಳಿಸಬಾರದೆಂದು ಒಂದು ಬಳಗ ಪಟ್ಟು ಹಿಡಿದದ್ದು, ಗೆದ್ದದ್ದು ನನಗೆ ದೊಡ್ಡ ವಿಷಯವೇ.

ಹಾರ್ಟ್‌ಫರ್ಡ್ ಕನ್ನಡತಿ:

ನಾಕ್ಸ್‌ವಿಲ್ ಅವರೇ, ನಮ್ಮಿಬ್ಬರ ಊರುಗಳ ಹಗೆತನವನ್ನು ತಾವು ಸೌಜನ್ಯದಿಂದ ಬಿಟ್ಟಿದ್ದೀರಿ. ಅದನ್ನು ನಾನೇ ಹೇಳುತ್ತೇನೆ, ಏಕೆಂದರೆ ದೇಶದ ಉಳಿದ ಭಾಗ ಈ ಆಟದ ಕಡೆಗೆ ತಿರುಗಿ ನೋಡಿದ್ದು ಆ ಹಗೆತನದಿಂದ. 1995ರ ಜನವರಿ 16ರ ಸೋಮವಾರ ಟೆನೆಸ್ಸಿ ಮೊದಲ ಬಾರಿಗೆ ಗ್ಯಾಂಪೆಲ್‌ಗೆ ಬಂತು. ಒಂದು ತಂಡ ಮೊದಲ ಸ್ಥಾನದಲ್ಲಿ, ಇನ್ನೊಂದು ಎರಡನೆಯದರಲ್ಲಿ. ಪ್ರತಿ ಸೋಮವಾರ ಪ್ರಕಟವಾಗಬೇಕಿದ್ದ ಎಪಿ ಸುದ್ದಿಸಂಸ್ಥೆಯ ತಂಡಗಳ ಶ್ರೇಯಾಂಕ ಪಟ್ಟಿಯನ್ನು ಈ ಪಂದ್ಯ ಮುಗಿಯುವವರೆಗೆ ತಡೆಹಿಡಿಯಲಾಯಿತು. ಯುಕಾನ್ 77-66ರಿಂದ ಗೆದ್ದಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮಿನಿಯಾಪೊಲಿಸ್‌ನ ಫೈನಲ್‌ನಲ್ಲಿಯೂ ಟೆನೆಸ್ಸಿಯೇ ಎದುರಾಳಿ. 70-64ರಿಂದ ಗೆದ್ದು ರೆಬೆಕಾ ಲೋಬೊ ಅವರ ತಂಡ 35 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮುಗಿಸಿತು. ಮುಂದಿನ ಹನ್ನೆರಡು ವರ್ಷ ಈ ಎರಡು ತಂಡಗಳು ಎದುರಾದಾಗಲೆಲ್ಲ ಆ ವಾರದ ಮಾತೇ ಅದು. 2007ರಲ್ಲಿ ಸಮಿಟ್ ಅವರು ಈ ಸರಣಿಯನ್ನು ನಿಲ್ಲಿಸಿದರು; ಅಷ್ಟರಲ್ಲಿ 22 ಬಾರಿ ಆಡಿದ್ದು, ಯುಕಾನ್ 13 ಗೆದ್ದಿತ್ತು. ಮತ್ತೆ ಶುರುವಾದದ್ದು 2020ರಲ್ಲಿ, ಸಮಿಟ್ ಅವರು ತೀರಿಕೊಂಡ ಮೇಲೆ. 2011ರಲ್ಲಿ ಅವರಿಗೆ ಆಲ್‌ಝೈಮರ್ ಕಾಯಿಲೆಯಿದೆ ಎಂದು ತಿಳಿದಾಗ, ಅವರನ್ನು ವರ್ಷಗಟ್ಟಲೆ ಅಣಕಿಸಿದ್ದ ನಮ್ಮ ಕಡೆಯ ಅಭಿಮಾನಿಗಳೂ ಅವರ ಪ್ರತಿಷ್ಠಾನಕ್ಕೆ ಹಣ ಕಳಿಸಿದ್ದನ್ನು ಬಲ್ಲೆ.

ಸರಣಿ ನಿಂತದ್ದರಿಂದ ಎರಡೂ ಕಡೆ ನಷ್ಟವಾಯಿತೆಂಬುದು ನನ್ನ ಗಟ್ಟಿ ಅಭಿಪ್ರಾಯ. ದೇಶಕ್ಕೆಲ್ಲ ತಿಳಿದಿದ್ದ ಒಂದು ಕಥೆ ನಡುವಿನಲ್ಲಿ ಕಡಿದುಹೋಯಿತು.

ಮೂರನೇ ಸಾಲು:

ಹಾಗಿದ್ದರೆ ಯುಕಾನ್ ಒಂದೇ ತಂಡ ವರ್ಷ ವರ್ಷವೂ ಗೆಲ್ಲುತ್ತಿದ್ದುದು ಆಟಕ್ಕೆ ಹಾನಿಯಲ್ಲವೇ? ಫಲಿತಾಂಶ ಮೊದಲೇ ಗೊತ್ತಿರುವ ಪಂದ್ಯವನ್ನು ಯಾರು ನೋಡುತ್ತಾರೆ?

ಹಾರ್ಟ್‌ಫರ್ಡ್ ಕನ್ನಡತಿ:

ಈ ಮಾತನ್ನು ನಾವು ಬಹಳ ಕೇಳಿದ್ದೇವೆ. 2013ರಿಂದ 2016ರವರೆಗೆ ಸತತ ನಾಲ್ಕು ಪ್ರಶಸ್ತಿ ಬಂದದ್ದು ನಿಜ. ಆದರೆ 111 ಸತತ ಗೆಲುವುಗಳ ಸರಪಳಿಯನ್ನು 2017ರ ಸೆಮಿಫೈನಲ್‌ನಲ್ಲಿ ಮಿಸ್ಸಿಸಿಪ್ಪಿ ಸ್ಟೇಟ್‌ನ ಮಾರ್ಗನ್ ವಿಲಿಯಮ್, ಹೆಚ್ಚುವರಿ ಅವಧಿಯ ಕೊನೆಯ ಕ್ಷಣದ ಎಸೆತದಿಂದ, ಮುರಿದರಲ್ಲ, ಆ ರಾತ್ರಿಯ ರೋಮಾಂಚನ ಹುಟ್ಟಿದ್ದು ಆ 111ರಿಂದಲೇ. ಕೇವಲ 5 ಅಡಿ 5 ಅಂಗುಲದ ಹುಡುಗಿ, 66-64. ಆ ಬಳಿಕ ಯುಕಾನ್ 2025ರವರೆಗೆ ಪ್ರಶಸ್ತಿ ಗೆಲ್ಲಲಿಲ್ಲ. ಗೆಲುವಿಗಾಗಿ ಮಾತ್ರ ಬಂದವರಾಗಿದ್ದರೆ ಅಷ್ಟು ವರ್ಷ ಗ್ಯಾಲರಿ ಖಾಲಿಯಾಗಬೇಕಾಗಿತ್ತು. ಆಗಲಿಲ್ಲ.

ಕೊಲಂಬಿಯಾದ ಓದುಗಳು:

ಸೌತ್ ಕೆರೊಲಿನಾದಿಂದ ಬರೆಯುತ್ತಿದ್ದೇನೆ. ಇದುವರೆಗಿನ ಬರಹಗಳಲ್ಲಿ ಇಂದಿನ ಅತಿ ದೊಡ್ಡ ಅಭಿಮಾನಿ ಬಳಗದ ಹೆಸರೇ ಬಂದಿಲ್ಲ ಎಂಬುದು ನನಗೆ ಆಶ್ಚರ್ಯ. ಡಾನ್ ಸ್ಟೇಲಿ 2008ರಲ್ಲಿ ಕೋಚ್ ಆಗಿ ಇಲ್ಲಿಗೆ ಬಂದಾಗ 18,000 ಜನ ಹಿಡಿಯುವ ಒಳಾಂಗಣದಲ್ಲಿ ಖಾಲಿ ಆಸನಗಳೇ ಹೆಚ್ಚು. ಮೊದಲ ವರ್ಷ 10 ಗೆಲುವು, 18 ಸೋಲು. 2014-15ರಿಂದ ಈಚೆಗೆ ಪಂದ್ಯಕ್ಕೆ ಬರುವ ಜನರ ಸರಾಸರಿಯಲ್ಲಿ ನಮ್ಮ ತಂಡ ವರ್ಷ ವರ್ಷವೂ ದೇಶಕ್ಕೇ ಮೊದಲು. ಕ್ಲಾರ್ಕ್ ಕಾಲೇಜಿಗೆ ಸೇರಿದ್ದು 2020ರಲ್ಲಿ ಎಂಬುದನ್ನು ನೆನಪಿಡಿ.

ಇಲ್ಲಿ ಬರುವವರಲ್ಲಿ ಕಪ್ಪು ಜನಾಂಗದ ಹಿರಿಯ ಹೆಂಗಸರು, ಚರ್ಚಿನಿಂದ ಗುಂಪಾಗಿ ಬರುವ ಕುಟುಂಬಗಳು ಬಹಳ. ಭಾನುವಾರದ ಮಧ್ಯಾಹ್ನ ಪ್ರಾರ್ಥನೆಗೆ ಉಟ್ಟ ಬಟ್ಟೆಯ ಮೇಲೆಯೇ ತಂಡದ ಗಾಢ ಕೆಂಪು ಬಣ್ಣದ ಶಾಲು ಹೊದ್ದು ಬರುತ್ತಾರೆ. ಒಳಾಂಗಣದ ಹೊರಗೆ ನಮ್ಮ ತಂಡದ ಹಳೆಯ ಆಟಗಾರ್ತಿ ಏಜಾ ವಿಲ್ಸನ್ ಅವರ ಪ್ರತಿಮೆಯಿದೆ. 2021ರಲ್ಲಿ ಅದನ್ನು ಅನಾವರಣ ಮಾಡಿದ ದಿನ ಅವರು ತಮ್ಮ ಅಜ್ಜಿಯನ್ನು ನೆನೆದರು. ವರ್ಣಭೇದದ ಕಾಲದಲ್ಲಿ ಆ ಅಜ್ಜಿ ಇದೇ ವಿಶ್ವವಿದ್ಯಾಲಯದ ಆವರಣವನ್ನು ಹಾದುಹೋಗುವಂತಿರಲಿಲ್ಲ, ಸುತ್ತುಬಳಸಿ ನಡೆಯಬೇಕಾಗಿತ್ತು. ನಮ್ಮ ಗ್ಯಾಲರಿಯ ಹೆಂಗಸರಲ್ಲಿ ಆ ಕಾಲವನ್ನು ಕಂಡವರು ಇನ್ನೂ ಇದ್ದಾರೆ.

ಆದ್ದರಿಂದಲೇ 2023ರಲ್ಲಿ ಹೊಸದಾಗಿ ಬಂದ ನೋಡುಗರು ಆಡಿದ ಕೆಲವು ಮಾತುಗಳು ಇಲ್ಲಿ ಆಳವಾಗಿ ನೋಯಿಸಿದವು. ಕ್ಲಾರ್ಕ್ ಅಂಕಣದಲ್ಲಿ ಮಾಡಿದ್ದ ಕೈಸನ್ನೆಯನ್ನೇ ಎಲ್‌ಎಸ್‌ಯುವಿನ ಏಂಜೆಲ್ ರೀಸ್ ಫೈನಲ್‌ನಲ್ಲಿ ಮಾಡಿದಾಗ ಒಬ್ಬರದು ಹುಮ್ಮಸ್ಸು, ಇನ್ನೊಬ್ಬರದು ಉದ್ಧಟತನ ಎಂದರು. ರೀಸ್ ಅವರನ್ನು ದೂರಬಾರದೆಂದು ಸ್ವತಃ ಕ್ಲಾರ್ಕ್ ಹೇಳಬೇಕಾಯಿತು. ಆ ಫೈನಲ್‌ಗೆ ಎರಡು ದಿನ ಮೊದಲು ಸೆಮಿಫೈನಲ್‌ನಲ್ಲಿ ಅಯೋವಾ ಎದುರು 77-73ರಿಂದ ಸೋತ ಮೇಲೆ ಸ್ಟೇಲಿ ಅವರು ತಮ್ಮ ಆಟಗಾರ್ತಿಯರನ್ನು ಪುಂಡರಂತೆ ಬಣ್ಣಿಸುವುದನ್ನು ನಿಲ್ಲಿಸಿ ಎಂದು ಸುದ್ದಿಗಾರರ ಮುಂದೆ ನೇರವಾಗಿ ಹೇಳಿದ್ದರು. ನೋಡುಗರ ಸಂಖ್ಯೆ ಏರಿದ್ದಕ್ಕೆ ನನಗೂ ಸಂತೋಷವಿದೆ. ಆದರೆ ಬಂದವರು ಯಾರನ್ನು ಪ್ರೀತಿಸಲು ಬಂದರು, ಯಾರನ್ನು ಹಳಿಯಲು ಬಂದರು ಎಂಬುದನ್ನೂ ಕೇಳಬೇಕಲ್ಲವೇ?

ಅಯೋವಾ ನಿವಾಸಿ:

ಕೇಳಲೇಬೇಕು. ನಮ್ಮ ಊರಿನ ಹಳೆಯ ಅಭಿಮಾನಿಗಳಿಗೂ ಆ ಮಾತುಗಳು ನಾಚಿಕೆ ತಂದಿದ್ದವು. ಅದನ್ನು ಇಲ್ಲಿ ಬರೆದು ತಿಳಿಸಬೇಕೆನಿಸಿತು.

ಹಳೆಯ ಅಂಕಪಟ್ಟಿ:

ಹಣದ ವಿಷಯವನ್ನೂ ಸೇರಿಸದಿದ್ದರೆ ಮೂರನೇ ಸಾಲಿನವರಿಗೆ ನಾನು ಕೊಟ್ಟ ಉತ್ತರ ಅರ್ಧವಾಗುತ್ತದೆ. 2021ರ ಮಾರ್ಚ್‌ನಲ್ಲಿ, ಕೋವಿಡ್ ಕಾರಣದಿಂದ ಎಲ್ಲ ಮಹಿಳಾ ತಂಡಗಳನ್ನೂ ಸ್ಯಾನ್ ಆಂಟೋನಿಯೊದಲ್ಲಿ ಇರಿಸಿದ್ದಾಗ, ಓರೆಗಾನ್ ತಂಡದ ಸೆಡೋನಾ ಪ್ರಿನ್ಸ್ ತಮಗೆ ಕೊಟ್ಟಿದ್ದ ವ್ಯಾಯಾಮದ ಸಲಕರಣೆಯ ವಿಡಿಯೊವನ್ನು ಟಿಕ್‌ಟಾಕ್‌ನಲ್ಲಿ ಹಾಕಿದರು. ಸಣ್ಣ ಡಂಬೆಲ್‌ಗಳ ಒಂದೇ ಒಂದು ಗೂಡು. ಪಕ್ಕದಲ್ಲಿ ಬೇಕಾದಷ್ಟು ಖಾಲಿ ಜಾಗ. ಪುರುಷರಿಗೆ ಇಂಡಿಯಾನಾಪೊಲಿಸ್‌ನಲ್ಲಿ ದೊಡ್ಡ ವ್ಯಾಯಾಮಶಾಲೆಯೇ ಇತ್ತು. ಕೋಟ್ಯಂತರ ಜನ ಆ ವಿಡಿಯೊ ನೋಡಿದ ಮೇಲೆ ಎನ್‌ಸಿಎಎ ಹೊರಗಿನ ಕಾನೂನು ಸಂಸ್ಥೆಯೊಂದರಿಂದ ತನಿಖೆ ಮಾಡಿಸಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ವರದಿ ಕಣ್ಣು ತೆರೆಸುವಂತಿತ್ತು. ಮಹಿಳಾ ಬ್ಯಾಸ್ಕೆಟ್‌ಬಾಲಿನ ಪ್ರಸಾರ ಹಕ್ಕನ್ನು ಇನ್ನೂ ಹಲವು ಕ್ರೀಡೆಗಳ ಜೊತೆ ಒಂದೇ ಗಂಟು ಕಟ್ಟಿ, ವರ್ಷಕ್ಕೆ ಒಟ್ಟು ಸುಮಾರು 3.4 ಕೋಟಿ ಡಾಲರಿಗೆ ಮಾರಲಾಗಿತ್ತು. ಬೇರೆಯಾಗಿ ಮಾರಿದ್ದರೆ 2025ರ ಹೊತ್ತಿಗೆ ಇದೊಂದಕ್ಕೇ ವರ್ಷಕ್ಕೆ 8.1 ಕೋಟಿಯಿಂದ 11.2 ಕೋಟಿ ಡಾಲರ್ ಬರಬಹುದೆಂದು ವರದಿ ಅಂದಾಜು ಮಾಡಿತು. 'ಮಾರ್ಚ್ ಮ್ಯಾಡ್ನೆಸ್' ಎಂಬ ಹೆಸರನ್ನೂ ಪುರುಷರ ಪಂದ್ಯಾವಳಿಗೆ ಮಾತ್ರ ಬಳಸಲಾಗುತ್ತಿತ್ತು. 2022ರಿಂದ ಹೆಸರು ಸಿಕ್ಕಿತು, ತಂಡಗಳ ಸಂಖ್ಯೆ ಪುರುಷರಂತೆಯೇ 68 ಆಯಿತು. ಪಂದ್ಯಾವಳಿಯಲ್ಲಿ ಮುಂದೆ ಸಾಗಿದ ಮಹಿಳಾ ತಂಡಗಳಿಗೆ ಹಣದ ಪಾಲು ಸಿಗಲಾರಂಭಿಸಿದ್ದು 2025ರಲ್ಲಿ. ಪುರುಷರಿಗೆ ಅದು ದಶಕಗಳಿಂದಲೂ ಇತ್ತು.

ಇದರ ಜೊತೆಗೇ ಇನ್ನೊಂದು ಅನ್ಯಾಯವಿದೆ. 2024ರ ಫೆಬ್ರವರಿಯಲ್ಲಿ ಕ್ಲಾರ್ಕ್ ಅವರು ಕೆಲ್ಸಿ ಪ್ಲಮ್ ಅವರ ದಾಖಲೆ ದಾಟಿದಾಗ ಅದನ್ನು ಮಹಿಳೆಯರ ಅತ್ಯಧಿಕ ಅಂಕಗಳ ದಾಖಲೆ ಎಂದು ಸಾರಲಾಯಿತು. ಆದರೆ ಕಾನ್ಸಾಸ್‌ನ ಲಿನೆಟ್ ವುಡರ್ಡ್ ಅವರು 1981ರಲ್ಲಿಯೇ 3,649 ಅಂಕಗಳೊಂದಿಗೆ ಕಾಲೇಜು ಮುಗಿಸಿದ್ದರು. ಪುರುಷರ ಅಳತೆಯ ದೊಡ್ಡ ಚೆಂಡು, ಮೂರು ಅಂಕದ ಗೆರೆಯೂ ಇರಲಿಲ್ಲ. ಅವರು ಆಡಿದ್ದು ಎಐಎಡಬ್ಲ್ಯು ಕಾಲದಲ್ಲಿ ಎಂಬ ಕಾರಣಕ್ಕೆ ಎನ್‌ಸಿಎಎ ಪುಸ್ತಕ ಅವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಗಿನ ಅಯೋವಾ ಕೋಚ್ ಲಿಸಾ ಬ್ಲೂಡರ್ ಅವರೇ ವುಡರ್ಡ್ ಅವರ ಅಂಕವೇ ನಿಜವಾದ ದಾಖಲೆ ಎಂಬ ನಿಲುವು ತಳೆದರು. ಕ್ಲಾರ್ಕ್ ಅದನ್ನೂ ಫೆಬ್ರವರಿ ಮುಗಿಯುವುದರೊಳಗೆ ದಾಟಿದರು. ಮಾರ್ಚ್ 3ರಂದು ಪುರುಷರ ದಾಖಲೆಯಾಗಿದ್ದ ಪೀಟ್ ಮ್ಯಾರವಿಚ್ ಅವರ 3,667ನ್ನು ದಾಟಿದ ದಿನ ವುಡರ್ಡ್ ಅಯೋವಾದ ಗ್ಯಾಲರಿಯಲ್ಲಿಯೇ ಇದ್ದರು. ಹಾಗೆ ನೋಡಿದರೆ ಫ್ರಾನ್ಸಿಸ್ ಮೇರಿಯನ್ ಎಂಬ ಸಣ್ಣ ಕಾಲೇಜಿನ ಪರ್ಲ್ ಮೂರ್ 1979ರಲ್ಲಿ 4,061 ಅಂಕಗಳೊಂದಿಗೆ ಆಟ ಮುಗಿಸಿದ್ದರು, ಕ್ಲಾರ್ಕ್ ಅವರ ಕೊನೆಯ ಮೊತ್ತ 3,951ಕ್ಕಿಂತ ಅದು ಹೆಚ್ಚು.

ಕೊಲಂಬಿಯಾದ ಓದುಗಳು:

ಪರ್ಲ್ ಮೂರ್ ನಮ್ಮ ರಾಜ್ಯದ ಫ್ಲಾರೆನ್ಸ್ ಊರಿನವರು. ಅವರನ್ನು ನೆನೆದದ್ದಕ್ಕೆ ಅಂಕಪಟ್ಟಿಯವರಿಗೆ ಕೃತಜ್ಞತೆಗಳು. ಒಂದು ವಿವರ ಮಾತ್ರ ಸೇರಿಸುತ್ತೇನೆ. ಆ 4,061ರಲ್ಲಿ 177 ಅಂಕಗಳು ಅವರು ಮೊದಲು ಸ್ವಲ್ಪ ಕಾಲ ಇದ್ದ ಎರಡು ವರ್ಷದ ಆ್ಯಂಡರ್ಸನ್ ಜೂನಿಯರ್ ಕಾಲೇಜಿನಲ್ಲಿ ಗಳಿಸಿದವು. ಫ್ರಾನ್ಸಿಸ್ ಮೇರಿಯನ್ ಪರವಾಗಿ ಗಳಿಸಿದವು 3,884. ಅವರನ್ನು ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ, ನೈಸ್ಮಿತ್ ಹೆಸರಿನ ಬ್ಯಾಸ್ಕೆಟ್‌ಬಾಲ್ ಗೌರವ ಪಟ್ಟಿಗೆ (ಹಾಲ್ ಆಫ್ ಫೇಮ್) ಸೇರಿಸಿಕೊಂಡದ್ದು 2021ರಲ್ಲಿ.